ಕಡಲ ನೀರಿನ ತೋಫು, ಗುರುವಾರದ ರೋಜಾ

ಆಕ್ಲೆಂಡ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ರಾಣೆಬೆನ್ನೂರಿನಲ್ಲಿ ಜನ ಮೊದಲು ಕೇಳುವುದು ಕುರಿಯ ವಿಚಾರ. ಎಷ್ಟು ಕುರಿ ನೋಡಿದಿರಿ ಸಿಸ್ಟರ್, ಒಂದೊಂದು ಎಷ್ಟು ದಪ್ಪ ಇದ್ದವು ಎಂದು. ಕುರಿ ದೂರದಿಂದ ಕಂಡವು, ಹತ್ತಿರ ಹೋಗಿ ಮಾತಾಡಿಸಲಿಲ್ಲ. ಆ ದೇಶದಿಂದ ನಾನು ಮನಸ್ಸಿನಲ್ಲಿ ಹೊತ್ತು ತಂದದ್ದು ಒಂದು ಮಣ್ಣಿನ ಬೋಗುಣಿಯ ಬಿಳಿ ಸಾರು. ಅದನ್ನು ತಿನ್ನಬೇಕಾದ ಹೊತ್ತಿಗೆ ನಾನು ತಿನ್ನಲಿಲ್ಲ. ಯಾಕೆ ತಿನ್ನಲಿಲ್ಲ ಎಂದು ಊರಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನರ್ಸ್ ಆಗಿದ್ದವಳು ನಾನು. ಜುಬೇದಾ ಸಿಸ್ಟರ್ ಬಂದರೆ ವಾರ್ಡಿನಲ್ಲಿ ಬೀಡಿ ಆರುತ್ತಿತ್ತು. ಉಣ್ಣಲೊಲ್ಲೆ ಎನ್ನುವ ರೋಗಿಗಳ ನೆಪಗಳೆಲ್ಲ ನನಗೆ ಬಾಯಿಪಾಠ: ಬಾಯಿ ಕಹಿ, ಹೊಟ್ಟೆ ಉಬ್ಬರ, ಇವತ್ತು ಶನಿವಾರ, ಮನೆದೇವರ ವಾರ. ಒಂದನ್ನೂ ನಂಬದೆ ಗಂಜಿ ಕುಡಿಸಿ ಬರುತ್ತಿದ್ದೆ. ಇಷ್ಟು ಗೊತ್ತಿರುವವಳಿಗೆ ತನ್ನದೇ ನೆಪ ಹೇಳಲು ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದು ಈಗ ಆಶ್ಚರ್ಯವಾಗುತ್ತದೆ.

ನಿವೃತ್ತಿಯಾದ ಮೇಲೆ ತಮ್ಮ ಇರ್ಫಾನ್ ಟಿಕೆಟ್ ಕಳಿಸಿದ. ನಮ್ಮ ಮನೆಯವರಿಗೆ ವಿಮಾನವೆಂದರೆ ಆಗದು, ಹಾಗಾಗಿ ನಾನೊಬ್ಬಳೇ ಹೊರಟೆ. ಆಕ್ಲೆಂಡಿನಲ್ಲಿ ಇಳಿದಾಗ ಬ್ಯಾಗಿನಲ್ಲಿ ಒಣಗಿಸಿದ ಕರಿಬೇವು ಇತ್ತು. ಮಣ್ಣು, ಬೀಜ, ಎಲೆ ಯಾವುದನ್ನೂ ಒಳಗೆ ಬಿಡುವುದಿಲ್ಲವಂತೆ. ಅಧಿಕಾರಿ ಕರಿಬೇವನ್ನು ಸತ್ತ ಹಲ್ಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ತೊಟ್ಟಿಗೆ ಹಾಕಿದ. ಆಮೇಲೆ ನನ್ನ ಚಪ್ಪಲಿಯ ಅಡಿಯಲ್ಲಿ ನಮ್ಮೂರ ಎರೆಮಣ್ಣು ಮೆತ್ತಿರುವುದನ್ನು ನೋಡಿ, ದಯವಿಟ್ಟು ಕೊಡಿ ಎಂದು ಇಸಿದುಕೊಂಡು ಒಳಗೆ ಹೋದ. ಐದು ನಿಮಿಷದಲ್ಲಿ ಎರಡೂ ಚಪ್ಪಲಿ ತೊಳೆದು, ಒರೆಸಿ, ಜೋಡಿಸಿ ತಂದಿಟ್ಟ. ಜನ್ಮದಲ್ಲಿ ಒಬ್ಬ ಸರ್ಕಾರಿ ನೌಕರ ನನ್ನ ಚಪ್ಪಲಿ ತೊಳೆದುಕೊಟ್ಟದ್ದು ಅದೇ ಮೊದಲು. ನಾನು ನಾಚಿ ಕೈಮುಗಿದೆ, ಅವನೂ ನಕ್ಕು ಕೈಮುಗಿದ. ಹೊರಗೆ ಇರ್ಫಾನ್ ನಿಂತಿದ್ದ. ಬರಿಗಾಲಲ್ಲಿ ಕೈಮುಗಿಯುತ್ತಿದ್ದ ನನ್ನನ್ನು ಗಾಜಿನಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಾರಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ಹೇಳಿ ಹೇಳಿ ಕಾಡಿದ.

ಪಾಪಟೋಟೊಯಿ

ಇರ್ಫಾನ್ ನನಗಿಂತ ಹದಿನಾಲ್ಕು ವರ್ಷ ಚಿಕ್ಕವ. ಅವನು ಹುಟ್ಟಿದಾಗ ಅಮ್ಮಿಗೆ ಮೈಯಲ್ಲಿ ಸುಖವಿರಲಿಲ್ಲ. ಅವನಿಗೆ ಎರೆದು, ತುತ್ತು ಕೊಟ್ಟು, ಅಳುತ್ತಿದ್ದವನನ್ನು ಶಾಲೆಗೆ ಎಳೆದುಕೊಂಡು ಹೋದವಳು ನಾನು. ಅಬ್ಬಾ ಅಮ್ಮಿಯ ಮುಂದೆ ಉರ್ದು, ನಾವಿಬ್ಬರೇ ಇದ್ದಾಗ ಓಣಿಯ ಕನ್ನಡ. ಈಗಲೂ ನಮ್ಮಿಬ್ಬರ ಮಾತು ಕನ್ನಡವೇ. ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದಿ ಆಕ್ಲೆಂಡಿಗೆ ಹೋದವನು ಅಲ್ಲೇ ಆಸ್ಪತ್ರೆಯೊಂದರಲ್ಲಿ ನೆಲೆ ನಿಂತ.

ಹನ್ನೊಂದು ವರ್ಷದ ಹಿಂದೆ ಅವನು ಫೋನ್ ಮಾಡಿ, ಸುಜಿನ್ ಎಂಬ ಕೊರಿಯಾದ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದ. ಹೆತ್ತವರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೂಂ ಎನ್ನಬೇಕಾದ ಹಿರಿಯಳು ನಾನೊಬ್ಬಳೇ. ಹುಡುಗಿ ಚರ್ಚಿಗೆ ಹೋಗುವವಳು, ಅವರ ಅಡುಗೆಮನೆಯಲ್ಲಿ ಹಂದಿ ಬೇಯುತ್ತದೆ, ನಾಳೆ ಓಣಿಯಲ್ಲಿ ತಲೆ ಎತ್ತಿ ಹೇಗೆ ಓಡಾಡಲಿ ಎಂದು ಕೂಗಾಡಿದೆ. ಅವನು ಕೂಗಾಡಲಿಲ್ಲ. ಮದುವೆಗೆ ನೀನೊಬ್ಬಳಾದರೂ ಬಾ ಆಪಾ ಎಂದ. ಡ್ಯೂಟಿ ಇದೆ, ರಜೆ ಕೊಡುವುದಿಲ್ಲ ಎಂದೆ. ರಜೆಯನ್ನು ನಾನು ಕೇಳಿಯೇ ಇರಲಿಲ್ಲ. ಎರಡು ವರ್ಷ ಮಾತು ನಿಂತಿತು. ಆಮೇಲೆ ವರ್ಷಕ್ಕೆರಡು ಈದ್ ಫೋನು, ಉಡುಗಿದ ದನಿಯಲ್ಲಿ ಎರಡು ಮಾತು. ನಾನು ಅಷ್ಟು ದೂರ ಹೋದದ್ದು ದೇಶ ನೋಡಲು ಅಲ್ಲ, ಕಳೆದುಕೊಂಡ ತಮ್ಮನನ್ನು ಮರಳಿ ಪಡೆಯಲು. ಕಣ್ಣು ಮುಚ್ಚುವ ಮೊದಲು ಅದೊಂದು ಆಗಬೇಕಿತ್ತು.

ಪಾಪಟೋಟೊಯಿಯಲ್ಲಿ ಅವನ ಮನೆ. ಮುಖ್ಯ ರಸ್ತೆಯಲ್ಲಿ ನಮ್ಮವರದೇ ಅಂಗಡಿಗಳು. ತೊಳೆದ ತೊಗರಿಬೇಳೆಯಿಂದ ಹಿಡಿದು ಮದುವೆ ಸೀರೆಯವರೆಗೆ ಎಲ್ಲ ಸಿಗುತ್ತದೆ. ಕಸಿದುಕೊಂಡ ಕರಿಬೇವು ಕೂಡ ಅಲ್ಲಿ ಹಸಿಹಸಿಯಾಗಿ ಗಿಡದಲ್ಲೇ ಮಾರಾಟಕ್ಕಿತ್ತು. ತಲೆಯ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹೋಗುತ್ತವೆಂದರೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ನಾನು ಎರಡು ಸಲ ತಲೆ ಬಗ್ಗಿಸಿದೆ. ಜನ ಬರಿಗಾಲಲ್ಲಿ ಅಂಗಡಿಗೆ ಬರುತ್ತಾರೆ, ಅದೂ ಒಳ್ಳೆಯ ಕಾರಿನಿಂದ ಇಳಿದು. ನಮ್ಮಲ್ಲಿ ಬರಿಗಾಲು ಎಂದರೆ ಬಡತನ ಅಥವಾ ಹರಕೆ, ಅಲ್ಲಿ ಬರೇ ಬೇಸಿಗೆ.

ಸುಜಿನ್ ಮಾತು ಕಡಿಮೆ, ಕೆಲಸ ಬಹಳ. ನಾನು ಬರುವ ಮೊದಲೇ ಇರ್ಫಾನನಿಂದ ಕಲಿತು ಜೋಳದ ರೊಟ್ಟಿ ಬಡಿಯಲು ಪ್ರಯತ್ನಿಸಿದ್ದಳಂತೆ, ಎಲ್ಲ ಹರಿದು ಹೋದವಂತೆ. ಹರಿದವನ್ನೇ ಒಂದು ಡಬ್ಬಿಯಲ್ಲಿಟ್ಟು ನನಗೆ ತೋರಿಸಿದಳು. ಮಗಳು ಸನಾಗೆ ಏಳು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುಂಜಾನೆ ನನ್ನ ಪಕ್ಕ ಕುಳಿತು ಬಿಸ್ಕತ್ತನ್ನು ನನ್ನ ಚಹಾದಲ್ಲೇ ಅದ್ದಿ ತಿನ್ನುತ್ತಿದ್ದಳು. ಇರ್ಫಾನ್ ನನ್ನನ್ನು ದಿನಕ್ಕೆ ಹತ್ತು ಸಲ ರೇಗಿಸುತ್ತಿದ್ದ. ಒಂದು ವಾರ ಹೀಗೆ ಕಳೆಯಿತು. ನನಗೆ ಎಲ್ಲ ಸರಿಹೋಯಿತು ಎನಿಸಿತ್ತು.

ಮರಾಯ್‌ಟಾಯ್ ಕಡಲ ತೀರ

ಬುಧವಾರ ಸಂಜೆ ಸುಜಿನ್‌ಳ ತಾಯಿ ಜೊತೆ ಸಮುದ್ರಕ್ಕೆ ಹೋದೆವು. ಎಪ್ಪತ್ತು ದಾಟಿದ ಕುಳ್ಳನೆಯ ಹೆಂಗಸು, ಗುಂಗುರು ಕೂದಲು, ಬಿಸಿಲಿಗೆ ದೊಡ್ಡ ಮುಂಚಾಚಿನ ಟೋಪಿ. ಇರ್ಫಾನ್ ಅವರನ್ನು ಓಮೊನಿ ಎನ್ನುತ್ತಾನೆ, ಅಂದರೆ ತಾಯಿ. ನಾನೂ ಹಾಗೇ ಕರೆದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಕೊರಿಯನ್ ಒಂದಕ್ಷರ ಬಾರದು. ನಡುವೆ ಇರ್ಫಾನನ ಮುರುಕು ಕೊರಿಯನ್ ಓಡಾಡುತ್ತಿತ್ತು. ನಾನು ಭೇಟಿಯಾದಾಗ ಅವರು ಸೊಂಟದವರೆಗೆ ಬಾಗಿ ವಂದಿಸಿದರು. ನಾನು ಗಾಬರಿಯಾಗಿ ಇನ್ನೂ ಸ್ವಲ್ಪ ಬಾಗಿದೆ, ಅವರು ಇನ್ನೂ ಬಾಗಿದರು. ಇರ್ಫಾನ್ ನಡುವೆ ಬಂದು ಇಬ್ಬರನ್ನೂ ಎತ್ತಿ ನಿಲ್ಲಿಸಿದ.

ದಂಡೆಯುದ್ದಕ್ಕೂ ಮರಗಳು ಕೆಂಪು ಹೂ ಬಿಟ್ಟು ನಿಂತಿದ್ದವು. ಮಕ್ಕಳು ಮರಳಲ್ಲಿ ಆಡುತ್ತಿದ್ದರು. ಓಮೊನಿ ರಬ್ಬರ್ ಬೂಟು ತೊಟ್ಟು, ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಕ್ಯಾನು ಹಿಡಿದು ಮೊಣಕಾಲವರೆಗೆ ನೀರಿಗೆ ಇಳಿದರು. ಅಲೆ ಬಂದಾಗ ಕ್ಯಾನು ಅದ್ದುತ್ತಾರೆ, ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ, ಚೆಲ್ಲುತ್ತಾರೆ, ಮತ್ತೆ ಅದ್ದುತ್ತಾರೆ. ನಾಲ್ಕು ಸಲ ಚೆಲ್ಲಿದ ಮೇಲೆ ಐದನೆಯದು ಅವರಿಗೆ ಒಪ್ಪಿಗೆಯಾಯಿತು. ಮಡಿ ನೀರು ತರುವ ನಮ್ಮೂರಿನ ಅಜ್ಜಿಯರು ಕೂಡ ಇಷ್ಟು ಹಟ ಮಾಡಲಾರರು ಎಂದು ನಾನು ತಮಾಷೆ ಮಾಡಿದೆ.

ಅದು ನಾಳೆಯ ಊಟಕ್ಕೆ ಎಂದು ಸುಜಿನ್ ಹೇಳಿದಳು. ಓಮೊನಿಯ ತವರು ಗಾಂಗ್ನಂಗ್ ಎಂಬ ಕಡಲ ಊರು. ಅಲ್ಲಿ ಸೋಯಾ ಹಾಲನ್ನು ಒಡೆಯಲು ಹುಳಿಯನ್ನಾಗಲಿ ಅಂಗಡಿಯ ಪುಡಿಯನ್ನಾಗಲಿ ಹಾಕುವುದಿಲ್ಲ, ಸಮುದ್ರದ ನೀರನ್ನು ಹಾಕುತ್ತಾರೆ. ಹಾಗೆ ಒಡೆದ ಮೆತ್ತನೆಯ ತೋಫುವಿನಿಂದ ಮಾಡುವ ಸಾರೇ ಸುಂದುಬು ಜಿಗೆ. ಬೇರೆ ಕಡೆ ಅದು ಕೆಂಪಗೆ, ಖಾರವಾಗಿ ಇರುತ್ತದೆ, ಗಾಂಗ್ನಂಗಿನವರದು ಬಿಳಿ. ದೂರದ ಊರಿಂದ ಹಿರಿಯರು ಬಂದಾಗ ತನ್ನ ಊರಿನದೇ ಮಾಡಬೇಕೆಂದು ಓಮೊನಿ ಹಟ ಹಿಡಿದಿದ್ದಾರೆ ಎಂದಳು. ನಮ್ಮ ಕಡೆಯೂ ಸೋಯಾ ಅವರೆ ಬೆಳೆಯುತ್ತಾರೆ. ಬೆಳೆದದ್ದೆಲ್ಲ ಎಣ್ಣೆ ಮಿಲ್ಲಿಗೆ ಹೋಗುತ್ತದೆ, ಮನೆಯಲ್ಲಿ ತಿನ್ನುವವರಿಲ್ಲ. ಅದನ್ನು ಹೇಳಿದೆ. ಓಮೊನಿಗೆ ಅಯ್ಯೋ ಪಾಪ ಎನಿಸಿತು.

ಸುಜಿನ್ ಅಂದು ತಾಯಿಗೆ ನೆರವಾಗಲು ಅವರ ಮನೆಯಲ್ಲೇ ಉಳಿದಳು. ನಾನು, ಇರ್ಫಾನ್, ಸನಾ ಮನೆಗೆ ಮರಳಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಕೊರೆತ. ಆ ಮನೆಯ ಪಾತ್ರೆಗಳಲ್ಲಿ ಇಷ್ಟು ವರ್ಷ ಏನೇನು ಬೆಂದಿದೆಯೋ. ಸಾರಿನಲ್ಲಿ ಕಪ್ಪೆಚಿಪ್ಪು ಹಾಕುತ್ತಾರಂತೆ, ಅದು ನಮಗೆ ನಡೆಯುವುದಿಲ್ಲ. ಕೇಳಿದ್ದರೆ ಇರ್ಫಾನ್ ಹೇಳುತ್ತಿದ್ದ. ನಾನು ಕೇಳಲಿಲ್ಲ. ಈಗ ಯೋಚಿಸಿದರೆ ಪಾತ್ರೆಯದು ಅರ್ಧ ಮಾತು ಮಾತ್ರ. ಆ ಮನೆಯಲ್ಲಿ ಕೂತು ಉಂಡರೆ ಹನ್ನೊಂದು ವರ್ಷದ ಹಿಂದೆ ನಾನು ಕೂಗಾಡಿದ್ದು ತಪ್ಪು ಎಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ತಮ್ಮ ಬೇಕು, ಆದರೆ ತಪ್ಪೊಪ್ಪಿಗೆ ಇಲ್ಲದೆ ಬೇಕು ಎಂಬ ದುರಾಸೆ ನನ್ನದು.

ಬಾಟನಿ ಡೌನ್ಸ್, ಮಧ್ಯಾಹ್ನ

ಗುರುವಾರ ಇರ್ಫಾನ್ ರಜೆ ಹಾಕಿದ್ದ. ಮುಂಜಾನೆ ಏಳಕ್ಕೆ ಅವನೇ ಚಹಾ ಮಾಡಿಕೊಟ್ಟ. ಬ್ರೆಡ್ ಸುಟ್ಟು ಬೆಣ್ಣೆ ಸವರಿಕೊಟ್ಟ. ಎರಡು ತಿಂದೆ. ಸನಾ ಎಂದಿನಂತೆ ನನ್ನ ಕಪ್ಪಿನಲ್ಲಿ ಬಿಸ್ಕತ್ತು ಅದ್ದಿ ಶಾಲೆಗೆ ಹೋದಳು. ಹನ್ನೆರಡರ ಹೊತ್ತಿಗೆ ನಾವಿಬ್ಬರು ಬಾಟನಿ ಡೌನ್ಸಿನ ಓಮೊನಿಯ ಮನೆಗೆ ಹೋದೆವು.

ಅಡುಗೆಮನೆಯ ಬಾಗಿಲಿಗೆ ನಿಂತು ನೋಡಿದೆ. ದೊಡ್ಡ ಪಾತ್ರೆಯಲ್ಲಿ ಸೋಯಾ ಹಾಲು ಕುದಿದು ಇಳಿದಿತ್ತು. ಓಮೊನಿ ಸೌಟಿನಲ್ಲಿ ಕಡಲ ನೀರು ತೆಗೆದು ಅಂಚಿನಿಂದ ಮೆಲ್ಲಗೆ ಬಿಡುತ್ತಿದ್ದರು. ಒಂದು ಸೌಟು, ಕಾಯುವುದು, ಮತ್ತೊಂದು. ನೋಡನೋಡುತ್ತ ಹಾಲು ಹೆಪ್ಪುಗಟ್ಟಿ ತಿಳಿ ಬೇರೆ, ಬಿಳಿ ಮುದ್ದೆ ಬೇರೆಯಾಯಿತು. ನಮ್ಮ ಗಿಣ್ಣಿನ ಹಾಗೇ ನಡುಗುತ್ತಿತ್ತು. ಅವರ ಬಲಗೈ ಆಗಾಗ ಹೊಟ್ಟೆಯ ಮೇಲೆ ಹೋಗುತ್ತಿದ್ದುದನ್ನು ನಾನು ಕಂಡೆ. ನರ್ಸಿನ ಕಣ್ಣು, ಕಾಣದೆ ಇರುವುದಿಲ್ಲ. ಯಾಕೆಂದು ಕೇಳಲಿಲ್ಲ.

ಮೇಜಿನ ಮೇಲೆ ಕರಿ ಮಣ್ಣಿನ ಬೋಗುಣಿಗಳು ಬಂದವು. ಒಳಗೆ ಬಿಳಿ ಸಾರು ಇನ್ನೂ ಕುದಿಯುತ್ತಿತ್ತು. ಪಕ್ಕದಲ್ಲಿ ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿದ ಸೋಯಾ ಸಾಸ್, ಅನ್ನ, ಹತ್ತೆಂಟು ಪುಟ್ಟ ಬಟ್ಟಲುಗಳಲ್ಲಿ ಸೊಪ್ಪು, ಪಲ್ಯ. ಈ ತೋಫುವನ್ನು ಒಡೆದ ಗಳಿಗೆಯಲ್ಲೇ ತಿನ್ನಬೇಕಂತೆ, ಆರಿದರೆ ರುಚಿ ಹೋಗುತ್ತದಂತೆ. ಅವರಲ್ಲಿ ಹಿರಿಯರು ಚಮಚ ಎತ್ತುವವರೆಗೆ ಉಳಿದವರು ಮುಟ್ಟುವುದಿಲ್ಲ. ಓಮೊನಿ ಮೊದಲ ಚಮಚವನ್ನು ನನಗೆ ಬಿಟ್ಟುಕೊಟ್ಟು, ಎರಡೂ ಕೈಯಿಂದ ಬೋಗುಣಿಯನ್ನು ನನ್ನ ಕಡೆ ಸರಿಸಿದರು.

ಆಗ ನಾನು ಇರ್ಫಾನನ ಕಡೆ ತಿರುಗಿ ಹೇಳಿದೆ.

“ಇವತ್ತ ಗುರುವಾರಲ್ಲ, ನಾ ರೋಜಾ ಅದೀನಿ ಅಂತ ಹೇಳು.”

ಗುರುವಾರ ಐಚ್ಛಿಕ ಉಪವಾಸ ಇಡುವುದು ನಮ್ಮಲ್ಲಿ ಇದೆ. ಅಬ್ಬಾ ಇಡುತ್ತಿದ್ದರು. ಅಂಥ ಉಪವಾಸವನ್ನು, ಮನೆಯವರು ಪ್ರೀತಿಯಿಂದ ಬಡಿಸಿದರೆ ಅತಿಥಿ ಮುರಿಯಬಹುದು ಎಂದೂ ಅಬ್ಬಾನೇ ನಮಗೆ ಕಲಿಸಿದ್ದರು. ಅಂದರೆ ರೋಜಾ ನಿಜವೇ ಆಗಿದ್ದರೂ ನಾನು ಉಣ್ಣಬೇಕಿತ್ತು.

ಇರ್ಫಾನ್ ನನ್ನ ಮುಖ ನೋಡಿದ. ಮುಂಜಾನೆ ಬ್ರೆಡ್ಡಿಗೆ ಬೆಣ್ಣೆ ಸವರಿದವನು ಅವನೇ. ಆಮೇಲೆ ಓಮೊನಿಯ ಕಡೆ ತಿರುಗಿ, ಏರಿಳಿತವಿಲ್ಲದ ಸಪಾಟು ದನಿಯಲ್ಲಿ ಕೊರಿಯನ್ನಿನಲ್ಲಿ ನಾಲ್ಕು ಮಾತು ಹೇಳಿದ. ನನಗೆ ಶಬ್ದ ತಿಳಿಯಲಿಲ್ಲ, ದನಿ ತಿಳಿಯಿತು.

ಓಮೊನಿ ಬೇಜಾರು ಮಾಡಿಕೊಳ್ಳುತ್ತಾರೆ, ನಾಲ್ಕು ಉಪಚಾರದ ಮಾತಾಡಿ ತಾವು ಊಟ ಮಾಡುತ್ತಾರೆ, ಎರಡಕ್ಕೆ ಮನೆಗೆ ಹೋಗಿ ಅನ್ನ ಸಾರು ಉಣ್ಣಬಹುದು ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಕೈ ಜೋಡಿಸಿ ನನಗೆ ತಲೆಬಾಗಿದರು. ತಮ್ಮ ಚಮಚವನ್ನು ಕೆಳಗಿಟ್ಟರು. ಹಿರಿಯರೇ ಇಟ್ಟ ಮೇಲೆ ಮಗಳೂ ಇಟ್ಟಳು, ಅಳಿಯನೂ ಇಟ್ಟ. ದೇವರಿಗಾಗಿ ಹಸಿದಿರುವವರ ಮುಂದೆ ಕೂತು ತಿನ್ನುವುದು ತಮ್ಮ ಚರ್ಚಿನಲ್ಲೂ ಇಲ್ಲ ಎಂದರು. ಇರ್ಫಾನನನ್ನು ಸೂರ್ಯ ಮುಳುಗುವುದು ಎಷ್ಟಕ್ಕೆ ಎಂದು ಕೇಳಿದರು. ಅವನು ಫೋನ್ ನೋಡಿ, “ಎಂಟೂ ಇಪ್ಪತ್ತೈದು” ಎಂದು ಕನ್ನಡದಲ್ಲೇ ನನ್ನ ಕಡೆ ನೋಡಿ ಹೇಳಿದ.

ನಮ್ಮೂರ ಸೂರ್ಯ ಡಿಸೆಂಬರಿನಲ್ಲಿ ಆರಕ್ಕೆಲ್ಲ ಮನೆಗೆ ಹೋಗುವವನು. ಆ ದೇಶದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ ಎಂಬುದನ್ನು ಒಂದು ವಾರದಿಂದ ಮೈಮೇಲೆ ಅನುಭವಿಸುತ್ತಿದ್ದರೂ ಸುಳ್ಳು ಹೇಳುವಾಗ ಊರಿನ ಗಡಿಯಾರದಲ್ಲೇ ಹೇಳಿದ್ದೆ. ಓಮೊನಿ ಅಷ್ಟರಲ್ಲಿ ಎದ್ದು ಸಾರನ್ನೆಲ್ಲ ಒಳಗೆ ಒಯ್ದರು. ಉಳಿದ ಮೆತ್ತನೆಯ ತೋಫುವನ್ನು ಬಟ್ಟೆಯಲ್ಲಿ ಕಟ್ಟಿ ಭಾರ ಹೇರಿದರು, ಗಟ್ಟಿಯಾಗಲಿ, ನಾಳೆಗೆ ಆಗುತ್ತದೆ ಎಂದು. ನೆನೆಹಾಕಿದ ಕಾಳು ಇನ್ನೂ ಅರ್ಧ ಇದೆ, ಕ್ಯಾನಿನಲ್ಲಿ ಕಡಲ ನೀರೂ ಇದೆ, ಎಂಟೂ ಇಪ್ಪತ್ತೈದಕ್ಕೆ ಸರಿಯಾಗಿ ಹೊಸದಾಗಿ ಒಡೆಸುತ್ತೇನೆ ಎಂದು ಹೇಳಿಕಳಿಸಿದರು. ನಾನು ಬೇಡ ಎಂದೆ. ಅದನ್ನು ಇರ್ಫಾನ್ ದಾಟಿಸಲಿಲ್ಲ.

ಮೂರೂವರೆಗೆ ಸನಾ ಶಾಲೆಯಿಂದ ನೇರ ಅಲ್ಲಿಗೇ ಬಂದಳು. ಊಟದ ಮೇಜು ಖಾಲಿ ಇರುವುದು ಯಾಕೆಂದು ತಾಯಿಯನ್ನು ಕೇಳಿದಳು. ಫುಫು ಉಪವಾಸ ಇದ್ದಾರೆ ಎಂದು ಸುಜಿನ್ ಹೇಳಿದಳು; ಫುಫು ಎಂದರೆ ಸೋದರತ್ತೆ, ನಾನು. ಸನಾ ನನ್ನ ಕಡೆ ನೋಡಿ ಬಾಯಿ ತೆರೆದಳು. ಇರ್ಫಾನ್ ಅವಳ ಹೆಸರನ್ನಷ್ಟೇ ಮೆಲ್ಲಗೆ ಕರೆದ. ಮಗು ಬಾಯಿ ಮುಚ್ಚಿಕೊಂಡಿತು. ಅಲ್ಲಿಯವರೆಗೆ ನನ್ನ ಸುಳ್ಳಿನಲ್ಲಿ ತಮ್ಮನಿಗೆ ಪಾಲು ಕೊಟ್ಟಿದ್ದೆ, ಈಗ ಏಳು ವರ್ಷದ ಮಗುವಿಗೂ ಕೊಟ್ಟೆ. ಅವಳು ಸಂಜೆಯವರೆಗೆ ನನ್ನ ಹತ್ತಿರ ಬರಲಿಲ್ಲ.

ಅಲ್ಲಿಯದೇ ಮಾಲ್

ಆ ಮನೆಯಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದವಳನ್ನು ಇರ್ಫಾನ್ ಹತ್ತಿರದ ದೊಡ್ಡ ಮಾಲಿಗೆ ಕರೆದುಕೊಂಡು ಹೋದ. ಕ್ರಿಸ್ಮಸ್ಸಿನ ಗದ್ದಲ. ಎಲ್ಲೆಲ್ಲೂ ಹತ್ತಿಯ ಹಿಮ ಅಂಟಿಸಿದ್ದಾರೆ, ಹೊರಗೆ ಜನ ಬೆವರುತ್ತಿದ್ದಾರೆ. ಊಟದಂಗಡಿಗಳ ಸಾಲಿನಲ್ಲಿ ಹುರಿದದ್ದು ಕರಿದದ್ದರ ವಾಸನೆ ಬಂದು ನನ್ನ ಹೊಟ್ಟೆ ತಾಳ ಹಾಕಿತು. ಇರ್ಫಾನ್ ಒಂದು ಬೆಂಚಿನ ಮೇಲೆ ಕೂರಿಸಿದ. ಇಲ್ಲೇ ಏನಾದರೂ ತಿಂದು ಹೋಗು, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಕೊಂಕು ಇರಲಿಲ್ಲ, ಹಸಿದ ರೋಗಿಗೆ ಹೇಳುವ ಹಾಗೆ ಹೇಳಿದ. ನಾನು ಒಲ್ಲೆ ಎಂದೆ. ಅಷ್ಟಾದರೂ ಉಳಿಸಿಕೊಳ್ಳೋಣ ಎನಿಸಿತ್ತು.

“ನಿನಗ ಗೊತ್ತಿತ್ತಲ್ಲ,” ಎಂದೆ. “ಮತ್ತ ಯಾಕ ಹೇಳಿದಿ ಅವರಿಗೆ?”

“ಸುಳ್ಳ ಹೇಳಿದಾಕಿ ನೀ, ಆಪಾ. ನಾ ದಾಟಿಸಿದೆ.” ಅವನೇ ಮುಂದುವರಿಸಿದ. “ಅವರ ಮುಂದ ನಿನ್ನ ಮಾನ ಹೋಗಬಾರ್ದು ಅನ್ನಿಸ್ತು.”

ಆಮೇಲೆ ಅವನು ನೆಲ ನೋಡುತ್ತ ಹೇಳಿದ್ದನ್ನು ನಾನು ಮರೆಯಲಾರೆ. ನಾನು ಬರುವ ಮೂರು ವಾರ ಮೊದಲೇ ಓಮೊನಿ ಅವನನ್ನು ಕೂರಿಸಿಕೊಂಡು, ನಿನ್ನ ಅಕ್ಕ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಿದ್ದರಂತೆ. ಕಪ್ಪೆಚಿಪ್ಪು ಬೇಡವೆಂದದ್ದಕ್ಕೆ ಬರೇ ಕಡಲ ಸೊಪ್ಪಿನಿಂದ ಸಾರಿನ ತಿಳಿ ತೆಗೆದಿದ್ದರು. ಸೋಯಾ ಸಾಸಿನಲ್ಲಿ ಮದ್ಯಸಾರ ಇರಬಹುದೆಂದು ಅದಿಲ್ಲದ ಸಾಸನ್ನು ಹುಡುಕಿ ತಂದಿದ್ದರು. ಬೋಗುಣಿ, ಸೌಟು, ಕುದಿಸುವ ಪಾತ್ರೆ, ಸೋಸುವ ಬಟ್ಟೆ, ಎಲ್ಲ ಹೊಸದು. ಹಳೆಯ ಪಾತ್ರೆಯಲ್ಲಿ ಹಂದಿ ಬೆಂದಿರುತ್ತದೆ, ಅವರ ಮನಸ್ಸಿಗೆ ಆಗುವುದಿಲ್ಲ ಎಂದು ಯಾರೂ ಹೇಳದೆ ಅವರಿಗೇ ಹೊಳೆದಿತ್ತು.

ಕೇಳುತ್ತ ಕೇಳುತ್ತ ನನಗೆ ಅಳು ಬಂತು. ಮೂವತ್ತು ವರ್ಷ ರೋಗಿಗಳ ನೆಪ ಪತ್ತೆಹಚ್ಚಿದವಳು ಮಾಲಿನ ಬೆಂಚಿನ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡೆ. ಈಗಲೇ ನಡಿ, ಓಮೊನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. ಅವರು ಆಗಲೇ ಎರಡನೆಯ ಸಲ ರುಬ್ಬಲು ನಿಂತಿರುತ್ತಾರೆ, ಈಗ ಹೇಳಿದರೆ ಅವರಿಗೆ ಏನಾಗುತ್ತದೆಂದು ಯೋಚಿಸು ಎಂದ. ನಾನು ಯೋಚಿಸಿದೆ. ಹೇಳದೆ ಉಳಿಯಲು ನನಗೆ ಇನ್ನೊಂದು ಒಳ್ಳೆಯ ನೆಪ ಸಿಕ್ಕಿತ್ತು, ಅದನ್ನು ಹಿಡಿದುಕೊಂಡೆ.

ಎಂಟೂ ಇಪ್ಪತ್ತೈದು

ಬಿಸಿಲು ಇಳಿಯಲೊಲ್ಲದು. ಏಳಾದರೂ ಅಂಗಳದಲ್ಲಿ ನಮ್ಮ ನಾಲ್ಕು ಗಂಟೆಯ ಬೆಳಕು. ಓಮೊನಿ ಒಳಗೆ ಸೋಯಾ ಹಿಂಡುತ್ತಿದ್ದರು, ನಡುನಡುವೆ ಕುರ್ಚಿ ಎಳೆದುಕೊಂಡು ಕೂತು ಸುಧಾರಿಸಿಕೊಳ್ಳುತ್ತಿದ್ದರು. ನಾನು ಕೈಹಚ್ಚಲು ಹೋದರೆ ಉಪವಾಸ ಇದ್ದವರು ದಣಿಯಬಾರದು ಎಂದು ನನ್ನನ್ನು ಭುಜ ಹಿಡಿದು ಹೊರಗೆ ಕಳಿಸಿದರು. ಸನಾಗೆ ಅಡುಗೆಮನೆಯ ಮೂಲೆಯಲ್ಲಿ ಉಣಿಸಿದರು. ಮಿಕ್ಕ ಮೂವರು ನನ್ನ ಸಲುವಾಗಿ ಮಧ್ಯಾಹ್ನದಿಂದ ಹಸಿದಿದ್ದರು. ಅವರದು ನಿಜವಾದ ಉಪವಾಸ.

ಎಂಟೂಕಾಲಿಗೆ ಎಲ್ಲರೂ ಮೇಜಿಗೆ ಬಂದೆವು. ನನ್ನ ಮುಂದೆ ಒಂದು ತಟ್ಟೆಯಲ್ಲಿ ಮೂರು ಖರ್ಜೂರ, ಒಂದು ಲೋಟ ನೀರು. ಅದನ್ನೂ ಅವರು ಇರ್ಫಾನನಿಂದ ಕೇಳಿ ತಿಳಿದುಕೊಂಡಿದ್ದರು. ಒಲೆಯ ಮೇಲೆ ಹಾಲು ಒಡೆಯುತ್ತಿತ್ತು. ಓಮೊನಿ ನನ್ನ ಎದುರು ಕೂತು ಇರ್ಫಾನನಿಗೆ ಏನೋ ಹೇಳಿದರು. ಅವನು ಅದನ್ನು ನನಗೆ ದಾಟಿಸಲಿಲ್ಲ. ಅವರು ಇನ್ನೊಮ್ಮೆ ಹೇಳಿದರು. ಸುಜಿನ್ ಕಣ್ಣು ಒರೆಸಿಕೊಂಡಳು. ಕೊನೆಗೆ ಇರ್ಫಾನ್ ನನ್ನ ಮುಖ ನೋಡದೆ ಕನ್ನಡದಲ್ಲಿ ಹೇಳಿದ.

“ಬರೋ ಮಂಗಳವಾರ ಅವರಿಗೆ ಆಪರೇಷನ್ ಐತಿ. ಹೊಟ್ಟ್ಯಾಗ ಗಡ್ಡಿ ಆಗೇತಿ. ಉಪವಾಸ ಇದ್ದವ್ರು ಅದನ್ನ ಬಿಡೋ ಹೊತ್ತಿನ್ಯಾಗ ಬೇಡಿಕೊಂಡಿದ್ದು ದೇವರಿಗೆ ಮುಟ್ಟತೈತಿ ಅಂತ ನಾ ಯಾವಾಗೋ ಹೇಳಿದ್ನಂತ. ಅವರ ಸಲುವಾಗಿ ದುವಾ ಮಾಡು ಅಂತಾರ.”

ನನ್ನ ಕೈ ಮೇಲೇಳಲಿಲ್ಲ. ಎಷ್ಟೋ ಮರಣಶಯ್ಯೆಗಳ ಪಕ್ಕ ನಿಂತವಳು ನಾನು, ಆದರೆ ಅಷ್ಟು ಹೆದರಿದ್ದು ಅಂದೇ. ಆ ಮುದುಕಿ ನನ್ನ ಹಸಿವನ್ನು ನಂಬಿ ಕೂತಿದ್ದರು. ಹೇಳಿಬಿಡಬೇಕಿತ್ತು. ಇಂಗ್ಲಿಷಿನಲ್ಲಿ ಮೂರು ಶಬ್ದ ಸಾಕಿತ್ತು, ಅಷ್ಟು ಇಂಗ್ಲಿಷ್ ಅವರಿಗೂ ಬರುತ್ತಿತ್ತು, ನನಗೂ ಬರುತ್ತಿತ್ತು. ಇರ್ಫಾನನ ಫೋನಿನಲ್ಲಿ ಅಜಾನ್ ಕೇಳಿಸಿತು. ನಾನು ಕೈ ಎತ್ತಿದೆ. ಮೊದಲು ಕ್ಷಮೆ ಬೇಡಿದೆ. ಆಮೇಲೆ ಅವರಿಗಾಗಿ ಬೇಡಿದೆ, ನನ್ನ ಸುಳ್ಳನ್ನು ನೋಡಿ ಇವರಿಗೆ ಕೊಡುವುದನ್ನು ನಿಲ್ಲಿಸಬೇಡ ಎಂದು. ಕಣ್ಣು ತೆರೆದಾಗ ಓಮೊನಿಯೂ ಕೈ ಜೋಡಿಸಿ ಕಣ್ಣು ಮುಚ್ಚಿಕೊಂಡಿದ್ದರು.

ಖರ್ಜೂರ ತಿಂದು ನೀರು ಕುಡಿದೆ. ಬಿಳಿ ಸಾರು ಬಂತು. ಈ ಸಲ ನಾನು ಚಮಚ ಎತ್ತಿದೆ. ಮೊದಲ ಗುಟುಕು ಬರೇ ಸಪ್ಪೆ. ಪಥ್ಯದ ಊಟವಿರಬೇಕು ಎನಿಸಿತು. ಎರಡನೆಯದರಲ್ಲಿ ಕಾಳಿನ ಸಿಹಿ ಮೆಲ್ಲಗೆ ಎದ್ದಿತು, ಹಾಲುಗಾಳಿನ ಹಸಿರು ತೆನೆ ಸುಟ್ಟು ತಿಂದಾಗ ಬರುವಂಥದ್ದು. ಅದರ ಹಿಂದೆಯೇ, ಇದೆಯೋ ಇಲ್ಲವೋ ಎನ್ನುವಷ್ಟು, ಕಡಲಿನ ಉಪ್ಪು. ತೋಫು ನಾಲಿಗೆಗೆ ತಾಕಿದರೆ ಒಡೆಯುತ್ತಿತ್ತು, ಅಗಿಯುವ ಕೆಲಸವಿಲ್ಲ. ಇಷ್ಟು ಮೆತ್ತಗಿನದನ್ನು ನಾನು ಜೀವನದಲ್ಲಿ ತಿಂದಿಲ್ಲ. ಓಮೊನಿ ತಾವು ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದೆ. ಅದನ್ನು ಇರ್ಫಾನ್ ಹೇಳಿದನೋ ಇಲ್ಲವೋ ಗಮನಿಸಲಿಲ್ಲ. ಬೋಗುಣಿಯ ತಳ ಕಾಣುವವರೆಗೆ ತಿಂದೆ, ಕಣ್ಣೀರು ಸಾರಿಗೆ ಬೀಳದ ಹಾಗೆ ನೋಡಿಕೊಂಡು.

ಉಳಿದ ದಿನಗಳು

ಮುಂದಿನ ಎರಡು ವಾರ ಇರ್ಫಾನ್ ನನಗೆ ನ್ಯೂಜಿಲೆಂಡ್ ತೋರಿಸಿದ. ಬಿಸಿ ನೀರಿನ ಬುಗ್ಗೆ, ಕುದಿಯುವ ಕೆಸರು, ಹುಳುಗಳು ಮಿನುಗುವ ಗುಹೆ. ಕಾರಿನ ಬಾಗಿಲು ತೆರೆದು ಹಿಡಿಯುತ್ತಿದ್ದ, ನೀರಿನ ಬಾಟಲಿ ಕೊಡುತ್ತಿದ್ದ, ಚಳಿಯಾಗುತ್ತದೆಯೇ ಎಂದು ಕೇಳುತ್ತಿದ್ದ. ಒಂದು ಕೊರತೆಯಿಲ್ಲ. ರೇಗಿಸುವುದನ್ನು ಮಾತ್ರ ನಿಲ್ಲಿಸಿದ್ದ. ಒಳ್ಳೆಯ ಗೈಡಿನ ಹಾಗೆ ನನ್ನೊಂದಿಗೆ ಬಹಳ ಮರ್ಯಾದೆಯಿಂದ ನಡೆದುಕೊಂಡ. ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸನಾ ಮತ್ತೆ ಹತ್ತಿರ ಬಂದಳು, ಬಿಸ್ಕತ್ತನ್ನೂ ಅದ್ದಿದಳು. ಮಕ್ಕಳು ಬೇಗ ಕ್ಷಮಿಸುತ್ತಾರೆ.

ಓಮೊನಿಯ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗಿ ನೋಡಿದೆ. ನನ್ನ ಕೈ ಹಿಡಿದು ಪಕ್ಕದ ಹಾಸಿಗೆಯವರಿಗೆ ಏನೋ ಹೆಮ್ಮೆಯಿಂದ ಹೇಳಿದರು. ನನಗಾಗಿ ರೋಜಾ ಇಟ್ಟು ಬೇಡಿಕೊಂಡವರು ಇವರೇ ಎನ್ನುತ್ತಿದ್ದಾರೆ ಎಂದು ಸುಜಿನ್ ಹೇಳಿದಳು. ನಾನು ಅವರ ದಿಂಬು ಸರಿಮಾಡಿ, ಚಾದರ ಎಳೆದು, ನರ್ಸು ಮಾಡುವುದನ್ನೆಲ್ಲ ಮಾಡಿ ಬಂದೆ. ವಿಮಾನ ಹತ್ತುವ ದಿನವೂ ಹೇಳಲಿಲ್ಲ.

ಊರಿಗೆ ಬಂದ ಮೊದಲ ಗುರುವಾರದಿಂದ ನಾನು ರೋಜಾ ಹಿಡಿದೆ. ಕಳೆದದ್ದಕ್ಕೆ ಇದು ಪರಿಹಾರವಲ್ಲ ಎಂದು ಗೊತ್ತಿದೆ. ಆದರೂ ಆ ಪ್ರಾರ್ಥನೆಯ ಹಿಂದೆ ಒಂದಾದರೂ ನಿಜವಾದ ಹಸಿವು ಇರಲಿ ಎನಿಸಿತು. ಮನೆಯವರು ಯಾಕೆ ಎಂದು ಕೇಳಿದರು, ಆರೋಗ್ಯಕ್ಕೆ ಎಂದೆ. ಐದು ತಿಂಗಳಾಯಿತು, ಒಂದು ವಾರವೂ ತಪ್ಪಿಸಿಲ್ಲ.

ಮೊನ್ನೆ ಗುರುವಾರ ಬೆಳಗ್ಗೆ ಇರ್ಫಾನ್ ಫೋನ್ ಮಾಡಿದ. ಅಲ್ಲಿ ಆಗ ಮಧ್ಯಾಹ್ನ ದಾಟಿತ್ತು, ಓಮೊನಿಯ ಮನೆಯಲ್ಲಿದ್ದ. ಅವರು ಎದ್ದು ಓಡಾಡುತ್ತಿದ್ದಾರೆ, ಕ್ಯಾನು ಎತ್ತಲು ಮಾತ್ರ ಆಗುವುದಿಲ್ಲ, ಸಮುದ್ರಕ್ಕೆ ಈಗ ಸುಜಿನ್ ಹೋಗುತ್ತಾಳೆ ಎಂದ. ಹಿಂದಿನಿಂದ ಓಮೊನಿಯ ದನಿ ಕೇಳಿಸಿತು.

“ಇವತ್ತ ಗುರುವಾರಲ್ಲ, ರೋಜಾ ಅದಾರೇನು ಅಂತ ಕೇಳಾಕತ್ಯಾರ,” ಎಂದ ಇರ್ಫಾನ್.

“ಅದೀನಿ ಅಂತ ಹೇಳು.”

ಅವನು ಕೊರಿಯನ್ನಿನಲ್ಲಿ ನಾಲ್ಕು ಮಾತು ಹೇಳಿದ. ಏರಿಳಿತವಿಲ್ಲದ ಆ ಸಪಾಟು ದನಿಯನ್ನು ನಾನು ಗುರುತು ಹಿಡಿದೆ. ಅತ್ತ ಓಮೊನಿ ಸಂತೋಷದಿಂದ ಏನೋ ಹೇಳುತ್ತಿದ್ದರು. ಈ ಸಲ ಖರೇನ ಅದೀನೋ ಇರ್ಫಾನ್ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, “ಆತು ಆಪಾ, ಹೇಳೀನಿ,” ಎಂದು ಬಹಳ ಮರ್ಯಾದೆಯಿಂದ ಫೋನ್ ಇಟ್ಟ.